ಲಾರಿಯ ಸ್ಪೀಡ್ ಸೆನ್ಸರ್: ಹೊಸದು ತರುವ ಮೊದಲು ಮಾಡಬೇಕಾದ ತಪಾಸಣೆ, ಆಮೇಲೆ ಬದಲಿಸುವ ಕ್ರಮ

ಓಡುವ ಗಾಡಿಯ ಮೀಟರ್ ಮುಳ್ಳು ಇದ್ದಕ್ಕಿದ್ದಂತೆ ಸೊನ್ನೆಗೆ ಬೀಳುತ್ತದೆ. ಇಲ್ಲವೇ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಹತ್ತಿಕೊಂಡು ಆರುವುದೇ ಇಲ್ಲ. ಗ್ಯಾರೇಜಿಗೆ ಹೋದರೆ ಬಹಳ ಸಲ ಕೇಳುವ ಮಾತು ಇದು: "ಸೆನ್ಸರ್ ಹೋಗೇತ್ರಿ ಅಣ್ಣಾರ, ಹೊಸಾದು ಹಾಕಿಬಿಡೋಣು." ಹೊಸದು ಬರುತ್ತದೆ, ಕೂರುತ್ತದೆ. ಗಬ್ಬೂರು ಕ್ರಾಸ್‌ನಲ್ಲಿ ಹೊರಟ ಗಾಡಿ ಧಾರವಾಡ ಮುಟ್ಟುವಷ್ಟರಲ್ಲಿ ಅದೇ ದೀಪ ಮತ್ತೆ ಹತ್ತುತ್ತದೆ. ದುಡ್ಡು ಹೋಯಿತು, ಬಾಡಿಗೆಯೂ ಹೋಯಿತು.

ಸೆನ್ಸರ್ ಬದಲಿಸುವುದು ದೊಡ್ಡ ಕೆಲಸವಲ್ಲ. ಕೆಟ್ಟಿರುವುದು ಸೆನ್ಸರೇ ಹೌದಾ ಎಂದು ಖಾತ್ರಿ ಮಾಡಿಕೊಳ್ಳುವುದರಲ್ಲೇ ಕೆಲಸ ಇರುವುದು. ಸೆನ್ಸರಿನ ಒಳಗೆ ಅಲುಗಾಡುವ ಭಾಗ ಒಂದೂ ಇಲ್ಲ. ಅದಕ್ಕೆ ಹೋಗುವ ವೈರು, ಕಪ್ಲರ್ (ವೈರು ಜೋಡಿಸುವ ಸಾಕೆಟ್), ಅದರ ಎದುರು ತಿರುಗುವ ಹಲ್ಲಿನ ರಿಂಗ್, ಚಕ್ರದ ಬೇರಿಂಗ್ ಇವು ದಿನವಿಡೀ ಅಲುಗುತ್ತವೆ, ಉಜ್ಜುತ್ತವೆ, ಕೆಸರು ತಿನ್ನುತ್ತವೆ. ಅದಕ್ಕೇ ನಾನು ಮೊದಲು ಇವುಗಳನ್ನು ನೋಡುತ್ತೇನೆ. ಸೆನ್ಸರಿನ ಸರದಿ ಕೊನೆಗೆ. ಗಾಡಿ ಇಟ್ಟುಕೊಂಡ ಮಾಲಕರು, ಡ್ರೈವರ್‌ಗಳು, ಗ್ಯಾರೇಜಿನಲ್ಲಿ ಹೊಸದಾಗಿ ಕೈ ಹಚ್ಚಿದ ಹುಡುಗರು ಒಂದು ಮಲ್ಟಿಮೀಟರ್ ಇಟ್ಟುಕೊಂಡರೆ ಈ ತಪಾಸಣೆಯನ್ನು ತಾವೇ ಮಾಡಬಹುದು.

ಯಾವ ಸೆನ್ಸರ್ ಎಲ್ಲಿದೆ

ಲಾರಿಯಲ್ಲಿ ಸ್ಪೀಡ್ ಸೆನ್ಸರ್ ಒಂದೇ ಇರುವುದಿಲ್ಲ. ಗೇರ್‌ಬಾಕ್ಸಿನ ಹಿಂದೆ, ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಹೊರಡುವ ಕಡೆ ಒಂದು ಇರುತ್ತದೆ. ಮೀಟರಿಗೆ, ಎಂಜಿನ್ನಿನ ಕಂಪ್ಯೂಟರ್ ಆದ ಇಸಿಎಂಗೆ, ವೇಗ ಮಿತಿ ದಾಟದಂತೆ ತಡೆಯುವ ಸ್ಪೀಡ್ ಗವರ್ನರಿಗೆ ವೇಗದ ಲೆಕ್ಕ ಹೋಗುವುದು ಸಾಮಾನ್ಯವಾಗಿ ಇಲ್ಲಿಂದ. ಎರಡನೆಯದು ಚಕ್ರದ ಸೆನ್ಸರ್. ಎಬಿಎಸ್ ಇರುವ ಗಾಡಿಯಲ್ಲಿ ಸಾಮಾನ್ಯವಾಗಿ ಮುಂದೆ ಎರಡು, ಹಿಂದೆ ಎರಡು ಇರುತ್ತವೆ. ಹಬ್‌ಗೆ ಕೂರಿಸಿದ ಹಲ್ಲಿನ ರಿಂಗ್ ಇದರ ಮೂತಿಯ ಮುಂದೆ ತಿರುಗುತ್ತದೆ. ದೊಡ್ಡ ಲಾರಿಗಳಲ್ಲಿ ಈ ರಿಂಗಿಗೆ ಸಾಮಾನ್ಯವಾಗಿ 100 ಹಲ್ಲು. ಹಲ್ಲು ದಾಟಿದಂತೆಲ್ಲ ಒಂದೊಂದು ಸಿಗ್ನಲ್ ಹೋಗುತ್ತದೆ.

ಕೆಲಸ ಮಾಡುವ ರೀತಿಯಲ್ಲೂ ಎರಡು ಬಗೆ. ಸುರುಳಿ ಮತ್ತು ಮ್ಯಾಗ್ನೆಟ್ ಇರುವ ಸೆನ್ಸರಿಗೆ ಎರಡು ವೈರು. ಅದಕ್ಕೆ ಬ್ಯಾಟರಿಯ ಕರೆಂಟ್ ಬೇಡ, ಹಲ್ಲು ತಿರುಗಿದರೆ ತಾನೇ ಕರೆಂಟ್ ಹುಟ್ಟಿಸುತ್ತದೆ. ಲಾರಿಯ ಎಬಿಎಸ್‌ನಲ್ಲಿ ಬಹುತೇಕ ಇದೇ. ಇನ್ನೊಂದು ಹಾಲ್ ಸೆನ್ಸರ್. ಅದಕ್ಕೆ ಮೂರು ವೈರು: ಸಪ್ಲೈ, ಅರ್ಥ್, ಸಿಗ್ನಲ್. ಗೇರ್‌ಬಾಕ್ಸಿನಲ್ಲಿ ಹೆಚ್ಚಾಗಿ ಇದು ಕಾಣುತ್ತದೆ. ಸಣ್ಣ ಗಾಡಿಗಳ ಎಬಿಎಸ್‌ನಲ್ಲಿ ಎರಡೇ ವೈರಿನ, ಆದರೆ ಸಪ್ಲೈ ಬೇಕಾಗುವ ಸೆನ್ಸರ್ ಕೂಡ ಇರುತ್ತವೆ. ಅವುಗಳಿಗೆ ಮುಂದೆ ಹೇಳುವ ಓಮ್ ಪರೀಕ್ಷೆ ನಡೆಯುವುದಿಲ್ಲ. ನಿಮ್ಮ ಗಾಡಿಯದು ಯಾವುದು ಎಂದು ಮೊದಲು ತಿಳಿದುಕೊಳ್ಳಿ. ಪರೀಕ್ಷೆಯ ರೀತಿ ಅದರ ಮೇಲೆ ನಿಂತಿದೆ.

ಲಕ್ಷಣ ಏನು ಹೇಳುತ್ತದೆ

ಮೀಟರ್ ಸತ್ತಿದೆ, ಕಿಲೋಮೀಟರ್ ಏರುತ್ತಿಲ್ಲ, ಆದರೆ ಎಬಿಎಸ್ ದೀಪ ಸರಿ ಇದೆ ಎಂದರೆ ಗೇರ್‌ಬಾಕ್ಸ್ ಕಡೆ ಹೋಗಿ. ವೇಗದ ಸಿಗ್ನಲ್ ತಪ್ಪಿದರೆ ಅನೇಕ ಗಾಡಿಗಳಲ್ಲಿ ಗವರ್ನರ್ ಅಥವಾ ಇಸಿಎಂ ಎಂಜಿನ್ನಿನ ಕೈ ಕಟ್ಟುತ್ತದೆ, ಪಿಕಪ್ ಬೀಳುತ್ತದೆ. ಡೀಸೆಲ್ ಫಿಲ್ಟರ್ ಬದಲಿಸಿದರೂ ಗಾಡಿ ಎಳೆಯುತ್ತಿಲ್ಲ, ಜೊತೆಗೆ ಮೀಟರೂ ಕುಣಿಯುತ್ತಿದೆ ಎಂದರೆ ಎರಡನ್ನೂ ಸೇರಿಸಿ ಯೋಚಿಸಿ.

ಎಬಿಎಸ್ ದೀಪ ಹತ್ತಿದರೆ ಚಕ್ರದ ಸೆನ್ಸರ್ ನೋಡಿ. ಇನ್ನೊಂದು ಲಕ್ಷಣ ಇದೆ, ಇದನ್ನು ಬಹಳ ಜನ ಬ್ರೇಕಿನ ದೋಷ ಎಂದುಕೊಳ್ಳುತ್ತಾರೆ. ಒಣ ರಸ್ತೆ, ಮೆಲ್ಲಗೆ ಬ್ರೇಕ್ ಒತ್ತಿದ್ದೀರಿ, ಗಾಡಿ ಇನ್ನೇನು ನಿಲ್ಲಬೇಕು. ಆಗ ಚಾಸಿಸ್ ಕಡೆಯಿಂದ ಪುಸ್ ಪುಸ್ ಎಂದು ಗಾಳಿ ಬಿಡುವ ಸದ್ದು ಬರುತ್ತದೆ, ಬ್ರೇಕ್ ಒಂದು ಕ್ಷಣ ಸಡಿಲಾದಂತೆ ಅನಿಸುತ್ತದೆ. ಒಂದು ಚಕ್ರದ ಸಿಗ್ನಲ್ ನಿಧಾನ ವೇಗದಲ್ಲಿ ತೀರಾ ಸಣ್ಣದಾಗಿ, ಆ ಚಕ್ರ ಲಾಕ್ ಆಗಿದೆ ಎಂದು ಎಬಿಎಸ್ ತಿಳಿಯುತ್ತದೆ. ಅದಕ್ಕೇ ಗಾಳಿ ಬಿಡುತ್ತದೆ. ಸೆನ್ಸರ್ ಮತ್ತು ರಿಂಗ್ ನಡುವಿನ ಗ್ಯಾಪ್ ಜಾಸ್ತಿಯಾದಾಗ ಹೀಗಾಗುತ್ತದೆ.

ಎಬಿಎಸ್ ದೀಪ ಹತ್ತಿದರೂ ಮಾಮೂಲಿ ಗಾಳಿ ಬ್ರೇಕ್ ಇರುತ್ತದೆ. ಹಾಗಂತ ಸುಮ್ನೆ ಓಡಿಸಬೇಡಿ. ಮಳೆಗಾಲದಲ್ಲಿ ಲೋಡ್ ಹೊತ್ತು ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಚಕ್ರ ಲಾಕ್ ಆಗಿ ಜಾರಿದರೆ ಸ್ಟೇರಿಂಗ್ ನಿಮ್ಮ ಮಾತು ಕೇಳುವುದಿಲ್ಲ. ದೀಪದ ಬಲ್ಬ್ ಕಿತ್ತು ಕೊಡುವವರೂ ಇದ್ದಾರೆ. ಹಳೆ ಗಾಡಿ ಕೊಳ್ಳುವಾಗ ಕೀ ಆನ್ ಮಾಡಿ ನೋಡಿ: ಎಬಿಎಸ್ ದೀಪ ಒಮ್ಮೆ ಹತ್ತಲೇಬೇಕು. ಹತ್ತದಿದ್ದರೆ ಒಳಗೆ ಏನೋ ಮುಚ್ಚಿಟ್ಟಿದ್ದಾರೆ ಅಂತಲೇ ತಿಳಿಯಿರಿ.

ಗಾಡಿಯ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಸ್ಕ್ಯಾನರ್ ಸಿಕ್ಕರೆ ಹುಡುಕಾಟ ಬೇಗ ಮುಗಿಯುತ್ತದೆ. ಸಣ್ಣ ಗಾಡಿಗಳಲ್ಲಿ ಪಿ0500 ಎಂಬ ಕೋಡ್ ಬಂದರೆ ಅದು ವಾಹನದ ವೇಗದ ಸೆನ್ಸರ್ ಸರ್ಕ್ಯೂಟ್. ದೊಡ್ಡ ಲಾರಿಗಳಲ್ಲಿ ಎಸ್‌ಪಿಎನ್ ನಂಬರ್ ಬರುತ್ತದೆ, ದೋಷ ಎಲ್ಲಿದೆ ಎಂದು ಅದು ಹೇಳುತ್ತದೆ. 84 ಎಂದರೆ ವಾಹನದ ವೇಗ. ಎಬಿಎಸ್‌ನಲ್ಲಿ 789 ಮುಂದಿನ ಎಡ ಚಕ್ರ, 790 ಮುಂದಿನ ಬಲ, 791 ಎರಡನೇ ಆಕ್ಸಲ್ ಎಡ, 792 ಎರಡನೇ ಆಕ್ಸಲ್ ಬಲ. ಜೊತೆಗೆ ಬರುವ, ದೋಷ ಯಾವ ಬಗೆಯದು ಎಂದು ಹೇಳುವ ಎಫ್‌ಎಂಐ ನಂಬರನ್ನೂ ಬರೆದುಕೊಳ್ಳಿ. 3 ಬಂದರೆ ವೋಲ್ಟೇಜ್ ಜಾಸ್ತಿ, 4 ಬಂದರೆ ಕಡಿಮೆ, 5 ಬಂದರೆ ಸರ್ಕ್ಯೂಟ್ ಎಲ್ಲೋ ಕಡಿದಿದೆ, 2 ಬಂದರೆ ಸಿಗ್ನಲ್ ಬಂದು ಬಂದು ಹೋಗುತ್ತಿದೆ. ಒಂದು ಮಾತು ನೆನಪಿರಲಿ. ಕೋಡ್ ಹೇಳುವುದು ಸರ್ಕ್ಯೂಟಿನ ಬಗ್ಗೆ. ಸೆನ್ಸರ್, ವೈರು, ಕಪ್ಲರ್ ಮೂರೂ ಆ ಸರ್ಕ್ಯೂಟಿನಲ್ಲೇ ಇವೆ. ಕೋಡ್ ಓದಿ ನೇರ ಸೆನ್ಸರ್ ಅಂಗಡಿಗೆ ಹೋಗುವ ತಪ್ಪು ಆಗುವುದು ಇಲ್ಲಿಯೇ.

ಕೈ ಹಚ್ಚುವ ಮೊದಲು

ಗಾಡಿ ಸಮತಟ್ಟಾದ ಗಟ್ಟಿ ನೆಲದ ಮೇಲಿರಲಿ. ಎತ್ತದ ಚಕ್ರಗಳಿಗೆ ಎರಡೂ ಬದಿ ಕಟ್ಟಿಗೆಯ ತುಂಡು ಕೊಡಿ. ಜ್ಯಾಕ್ ಮೇಲೆ ನಂಬಿಕೆ ಇಟ್ಟು ಗಾಡಿ ಕೆಳಗೆ ಹೋಗಬೇಡಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಬೇಕೇ ಬೇಕು. ಎರಿ (ಕಪ್ಪು) ಮಣ್ಣಿನ ಮೇಲೆ ನಿಂತ ಗಾಡಿಯನ್ನು ಜ್ಯಾಕ್ ಹಾಕುವ ಸಾಹಸವೇ ಬೇಡ, ಮಣ್ಣು ಒಣಗಿ ಗಟ್ಟಿಯಾದಂತೆ ಕಂಡರೂ ಭಾರಕ್ಕೆ ಕುಸಿಯುತ್ತದೆ. ಗಾಡಿ ಈಗಷ್ಟೇ ಬಂದಿದ್ದರೆ ಗೇರ್‌ಬಾಕ್ಸ್ ಆರುವವರೆಗೆ ಕಾಯಿರಿ. ಯಾವ ಕಪ್ಲರನ್ನು ಬಿಚ್ಚುವುದಿದ್ದರೂ ಕೀ ಆಫ್ ಇರಬೇಕು.

ಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಡಿಜಿಟಲ್ ಮಲ್ಟಿಮೀಟರ್, ಪಾನಾ ಸೆಟ್, ವೈರ್ ಬ್ರಶ್, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ಜಂಗು ಬಿಡಿಸುವ ಎಣ್ಣೆ, ವೈರು ಕಟ್ಟುವ ಪ್ಲಾಸ್ಟಿಕ್ ಟೈ, ಟಾರ್ಚ್. ಟೆಸ್ಟ್ ಲ್ಯಾಂಪನ್ನು ಮಾತ್ರ ಪೆಟ್ಟಿಗೆಯಲ್ಲೇ ಬಿಡಿ. ಬಲ್ಬ್ ಎಳೆಯುವ ಕರೆಂಟ್ ಇಸಿಎಂ ವೈರಿಗೆ ಜಾಸ್ತಿಯಾಗುತ್ತದೆ, ಒಂದು ಸಣ್ಣ ತಪಾಸಣೆಗೆ ಹೋಗಿ ದುಬಾರಿ ಪೆಟ್ಟಿಗೆ ಸುಡಬಹುದು.

ಮೊದಲು ಕಣ್ಣು, ಆಮೇಲೆ ಮೀಟರ್

ಫ್ಯೂಜ್ ನೋಡಿ. ಆಮೇಲೆ ವೈರಿನ ಮೇಲೆ ಬೆರಳಾಡಿಸುತ್ತ ಸೆನ್ಸರಿನಿಂದ ಚಾಸಿಸ್‌ವರೆಗೆ ಹೋಗಿ. ಸ್ಟೇರಿಂಗ್ ತಿರುಗಿದಾಗ ಬಗ್ಗುವ ಜಾಗ, ಸ್ಪ್ರಿಂಗ್ ಪಟ್ಟಿಗೆ ತಾಗುವ ಜಾಗ, ಸೈಲೆನ್ಸರ್ ಹತ್ತಿರ ಹಾಯುವ ಜಾಗ, ಈ ಮೂರು ಕಡೆ ನಿಂತು ನೋಡಿ. ಮೇಲಿನ ಪ್ಲಾಸ್ಟಿಕ್ ಸರಿ ಇದ್ದು ಒಳಗೆ ತಾಮ್ರ ಕಡಿದಿರುವುದೂ ಉಂಟು. ಅಂಥ ಕಡೆ ಮೆಲ್ಲಗೆ ಎಳೆದರೆ ವೈರು ರಬ್ಬರಿನಂತೆ ಹಿಗ್ಗುತ್ತದೆ.

ನಮ್ಮ ಕಡೆಯ ವಿಶೇಷ ಎಂದರೆ ಎರಿ ಮಣ್ಣು. ನವಲಗುಂದ, ಅಣ್ಣಿಗೇರಿ, ಗದಗ ಕಡೆ ಮಳೆಗಾಲದಲ್ಲಿ ಹೊಲದ ದಾರಿಗೆ ಇಳಿದು ಮಾಲು ತುಂಬಿಕೊಂಡು ಬಂದ ಗಾಡಿಯ ಹಬ್‌ ಹಿಂಭಾಗ ನೋಡಿ. ಮಣ್ಣು ಮೆತ್ತಿಕೊಂಡು ಒಣಗಿ ಕಲ್ಲಾಗಿರುತ್ತದೆ. ಸೆನ್ಸರಿನ ವೈರು ಆ ಗಡ್ಡೆಯೊಳಗೆ ಸಿಕ್ಕಿಕೊಂಡಿರುತ್ತದೆ. ಗಡ್ಡೆ ಕಳಚಿ ಬೀಳುವಾಗ ವೈರನ್ನೂ ಎಳೆಯುತ್ತದೆ. ಸ್ಕ್ರೂಡ್ರೈವರಿನಿಂದ ಕುಕ್ಕಿ ತೆಗೆಯಲು ಹೋಗಬೇಡಿ. ನೀರು ಹಾಕಿ ನೆನೆಸಿ, ಕೈಯಿಂದ ಬಿಡಿಸಿ. ಪ್ರೆಶರ್ ನೀರನ್ನು ನೇರ ಕಪ್ಲರಿಗೆ ಹೊಡೆಯಬಾರದು. ಎಪಿಎಂಸಿಯಲ್ಲೋ ಗೋದಾಮಿನ ಹತ್ತಿರವೋ ಹಲವು ದಿನ ನಿಂತ ಗಾಡಿಯಾದರೆ ಇಲಿ ಕಡಿದಿದೆಯಾ ಎಂದೂ ನೋಡಿ.

ಕಪ್ಲರ್ ಬಿಚ್ಚಿ. ಪಿನ್ ಹಸಿರಾಗಿದ್ದರೆ ನೀರು ಹೊಕ್ಕಿದೆ ಎಂದರ್ಥ. ಗೇರ್ ಆಯಿಲ್ ಒಸರಿದೆಯಾ, ಪಿನ್ ಹಿಂದಕ್ಕೆ ಸರಿದಿದೆಯಾ, ಒಳಗಿನ ರಬ್ಬರ್ ಸೀಲ್ ಇದೆಯಾ ನೋಡಿ. ಸ್ಪ್ರೇ ಹೊಡೆದು ಒಣಗಿಸಿ, ಮತ್ತೆ ಹಾಕಿ, ಓಡಿಸಿ ನೋಡಿ. ಎಷ್ಟೋ ಗಾಡಿಗಳ ಕಾಯಿಲೆ ಇಲ್ಲಿಗೇ ವಾಸಿಯಾಗುತ್ತದೆ.

ಎರಡು ವೈರಿನ ಸೆನ್ಸರ್ ಪರೀಕ್ಷೆ

ಕೀ ಆಫ್. ಸೆನ್ಸರಿನ ಕಪ್ಲರ್ ಬಿಚ್ಚಿ, ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಸೆನ್ಸರ್ ಕಡೆಯ ಎರಡು ಪಿನ್‌ಗೆ ಹಿಡಿಯಿರಿ. ಲಾರಿಯ ಎಬಿಎಸ್ ಸೆನ್ಸರಿನಲ್ಲಿ ಸಾಮಾನ್ಯವಾಗಿ 1000ದಿಂದ 1500 ಓಮ್ ಒಳಗೆ ಬರುತ್ತದೆ. ಸರಿಯಾದ ಅಂಕಿ ನಿಮ್ಮ ಗಾಡಿಯ ಮ್ಯಾನ್ಯುವಲ್‌ನಲ್ಲಿರುತ್ತದೆ. ಅದು ಕೈಯಲ್ಲಿ ಇಲ್ಲದಿದ್ದರೆ ಅದೇ ಆಕ್ಸಲಿನ ಆಚೆ ಬದಿಯ ಸೆನ್ಸರನ್ನೂ ಅಳೆಯಿರಿ. ಎರಡೂ ಹತ್ತಿರ ಹತ್ತಿರ ಇರಬೇಕು. ಏನೂ ತೋರಿಸದೆ ಓಎಲ್ ಎಂದರೆ ಸುರುಳಿ ಕಡಿದಿದೆ. ಸೊನ್ನೆಗೆ ಹತ್ತಿರ ಬಂದರೆ ಶಾರ್ಟ್. ಆಮೇಲೆ ಒಂದೊಂದು ಪಿನ್‌ನಿಂದ ಚಾಸಿಸ್‌ಗೆ ಅಳೆಯಿರಿ. ಇಲ್ಲಿ ಓಎಲ್ ಬರಲೇಬೇಕು. ಅಂಕಿ ಏನಾದರೂ ಬಂದರೆ ವೈರು ಚಾಸಿಸ್‌ಗೆ ತಾಗುತ್ತಿದೆ.

ಓಮ್ ಸರಿ ಬಂತು ಎಂದು ಸೆನ್ಸರಿಗೆ ಪಾಸ್ ಕೊಡಬೇಡಿ. ಸುರುಳಿ ಚೆನ್ನಾಗಿದ್ದೂ ಗ್ಯಾಪ್ ಜಾಸ್ತಿ ಇದ್ದರೆ ಸಿಗ್ನಲ್ ಬರುವುದಿಲ್ಲ. ಚಕ್ರವನ್ನು ಜ್ಯಾಕ್ ಮೇಲೆ ಎತ್ತಿ ಸ್ಟ್ಯಾಂಡ್ ಕೊಡಿ. ಹಿಂದಿನ ಚಕ್ರವಾದರೆ ಟ್ಯಾಂಕಿನಲ್ಲಿ ಗಾಳಿ ತುಂಬಿಸಿ ಹ್ಯಾಂಡ್‌ಬ್ರೇಕ್ ಬಿಡಬೇಕಾಗುತ್ತದೆ, ಉಳಿದ ಚಕ್ರಗಳ ಕಟ್ಟಿಗೆ ತುಂಡು ಗಟ್ಟಿ ಇದೆಯಾ ಎಂದು ಮತ್ತೊಮ್ಮೆ ನೋಡಿಯೇ ಬಿಡಿ. ಮೀಟರನ್ನು ಎಸಿ ವೋಲ್ಟ್‌ಗೆ ಹಾಕಿ. ಡಿಸಿಗೆ ಅಲ್ಲ. ಎರಡು ಸೆಕೆಂಡಿಗೆ ಒಂದು ಸುತ್ತು ಬರುವಂತೆ ಚಕ್ರ ತಿರುಗಿಸಿ. 0.2 ವೋಲ್ಟ್ ಅಥವಾ ಹೆಚ್ಚು ಬಂದರೆ ಒಳ್ಳೆಯದು. ಜೋರಾಗಿ ತಿರುಗಿಸಿದರೆ ಅಂಕಿ ಏರಬೇಕು. ಒಂದೇ ಸುತ್ತಿನಲ್ಲಿ ಅಂಕಿ ಏರಿಳಿಯುತ್ತಿದ್ದರೆ ರಿಂಗ್ ವಾರೆಯಾಗಿದೆ ಅಥವಾ ಬೇರಿಂಗ್ ಸಡಿಲ ಇದೆ. ಪ್ರತಿ ಸುತ್ತಿಗೂ ಅದೇ ಜಾಗದಲ್ಲಿ ಬಿದ್ದರೆ ಅಲ್ಲಿ ಹಲ್ಲು ಮುರಿದಿದೆಯಾ, ಮಣ್ಣು ಮೆತ್ತಿದೆಯಾ ಹುಡುಕಿ.

ಅಂಕಿ ಕಡಿಮೆ ಬಂತಾ? ಸೆನ್ಸರನ್ನು ಹೆಬ್ಬೆರಳಿನಿಂದ ಒಳಗೆ ಒತ್ತಿ, ರಿಂಗಿಗೆ ತಾಗುವವರೆಗೆ. ಮತ್ತೆ ತಿರುಗಿಸಿ. ಸಿಗ್ನಲ್ ಬಂದರೆ ನಿಮ್ಮ ಸೆನ್ಸರ್ ಜೀವಂತ ಇದೆ, ಹಿಂದಕ್ಕೆ ಸರಿದಿತ್ತು ಅಷ್ಟೇ.

ಇಷ್ಟಾದರೂ ಅನುಮಾನ ಉಳಿದರೆ ಎಡ-ಬಲ ಅದಲು ಬದಲು ಮಾಡಿ ನೋಡಿ. ಒಂದೇ ಆಕ್ಸಲಿನ ಎರಡು ಸೆನ್ಸರ್ ಒಂದೇ ನಮೂನೆ ಇದ್ದರೆ ಅವುಗಳ ಜಾಗ ಬದಲಿಸಿ, ಕೋಡ್ ಅಳಿಸಿ, ಖಾಲಿ ಜಾಗದಲ್ಲಿ ಸ್ವಲ್ಪ ಓಡಿಸಿ. ಕೋಡ್ ಆಚೆ ಬದಿಗೆ ಹೋದರೆ ಸೆನ್ಸರ್ ಕೆಟ್ಟಿದೆ. ಅದೇ ಬದಿಯಲ್ಲಿ ಉಳಿದರೆ ವೈರು ಅಥವಾ ರಿಂಗ್. ಇದಕ್ಕಿಂತ ನಂಬಿಕೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಖರ್ಚೂ ಇಲ್ಲ.

ಮೂರು ವೈರಿನ ಸೆನ್ಸರ್ ಪರೀಕ್ಷೆ

ಹಾಲ್ ಸೆನ್ಸರಿಗೆ ಓಮ್ ಹಿಡಿಯಬೇಡಿ, ಒಳಗೆ ಎಲೆಕ್ಟ್ರಾನಿಕ್ಸ್ ಇದೆ. ಕಪ್ಲರ್ ಬಿಚ್ಚಿ, ಕೀ ಆನ್ ಮಾಡಿ, ವೈರಿಂಗ್ ಕಡೆಯ ಸಪ್ಲೈ ಮತ್ತು ಅರ್ಥ್ ಪಿನ್ ನಡುವೆ ಡಿಸಿ ವೋಲ್ಟ್ ನೋಡಿ. ಗಾಡಿಗೆ ತಕ್ಕಂತೆ 5, 8, 12 ಅಥವಾ 24 ಬರಬಹುದು. ಏನೂ ಬರದಿದ್ದರೆ ಕೆಂಪು ತುದಿ ಸಪ್ಲೈ ಪಿನ್‌ನಲ್ಲೇ ಇರಲಿ, ಕಪ್ಪು ತುದಿಯನ್ನು ಬ್ಯಾಟರಿ ಮೈನಸ್‌ಗೆ ಹಿಡಿಯಿರಿ. ಈಗ ಬಂತು ಎಂದರೆ ಸಪ್ಲೈ ಸರಿ, ಅರ್ಥ್ ಕಡಿದಿದೆ. ಆಗಲೂ ಬರದಿದ್ದರೆ ಫ್ಯೂಜ್‌ನಿಂದ ವೈರು ಹಿಡಿದು ಬನ್ನಿ. ಎರಡೂ ಸಂದರ್ಭದಲ್ಲಿ ಹೊಸ ಸೆನ್ಸರ್ ಹಾಕಿದರೆ ಏನೂ ಪ್ರಯೋಜನವಿಲ್ಲ.

ಸಪ್ಲೈ, ಅರ್ಥ್ ಎರಡೂ ಸರಿ ಇದ್ದರೆ ಕಪ್ಲರ್ ಹಾಕಿ, ಸಿಗ್ನಲ್ ವೈರಿನ ಹಿಂಬದಿಯಿಂದ ಸಣ್ಣ ಪಿನ್ ತೂರಿಸಿ ಅಳೆಯಿರಿ. ಗೇರ್ ನ್ಯೂಟ್ರಲ್. ಹಿಂದಿನ ಒಂದು ಬದಿ ಎತ್ತಿ ಸ್ಟ್ಯಾಂಡ್ ಕೊಟ್ಟು, ಮೇಲೆ ಹೇಳಿದಂತೆ ಹ್ಯಾಂಡ್‌ಬ್ರೇಕ್ ಬಿಟ್ಟು, ಆ ಚಕ್ರ ತಿರುಗಿಸಿದರೆ ಡಿಫರೆನ್ಶಿಯಲ್ ಮೂಲಕ ಪ್ರೊಪೆಲ್ಲರ್ ಶಾಫ್ಟ್ ತಿರುಗುತ್ತದೆ. ಬಹಳ ನಿಧಾನ ತಿರುಗಿಸಿ. ವೋಲ್ಟ್ ಮೇಲೆ, ಕೆಳಗೆ, ಮೇಲೆ, ಕೆಳಗೆ ಎಂದು ಜಿಗಿಯಬೇಕು. ಒಂದೇ ಕಡೆ ಅಂಟಿಕೊಂಡರೆ ಸೆನ್ಸರ್ ಹೊರಗೆ ತೆಗೆಯುವ ಹೊತ್ತು ಬಂದಿದೆ. ಸರಿಯಾಗಿ ಜಿಗಿಯುತ್ತಿದ್ದು ಗಾಡಿಯ ಸ್ಪೀಡ್ ಮೀಟರ್ ಸತ್ತೇ ಇದ್ದರೆ ಸೆನ್ಸರನ್ನು ಬಿಟ್ಟು ಕ್ಯಾಬಿನ್ ಕಡೆಯ ವೈರಿಂಗ್, ಮೀಟರ್ ಸಾಕೆಟ್ ನೋಡಿ.

ಗೇರ್‌ಬಾಕ್ಸ್ ಸೆನ್ಸರ್ ಬದಲಿಸುವುದು

ಸುತ್ತಲಿನ ಮಣ್ಣು, ಗ್ರೀಸ್ ಬ್ರಶ್‌ನಿಂದ ತೆಗೆದು ಗಾಳಿ ಹೊಡೆಯಿರಿ. ಸೆನ್ಸರ್ ಬಿಚ್ಚಿದ ಮೇಲೆ ಆ ತೂತಿನಲ್ಲಿ ಬೀಳುವ ಒಂದು ಹರಳು ಕೂಡ ಗೇರ್‌ಬಾಕ್ಸಿಗೆ ಶತ್ರು. ಕೆಳಗೆ ಟ್ರೇ ಇಡಿ, ಸ್ವಲ್ಪ ಆಯಿಲ್ ಸುರಿಯಬಹುದು. ಬೋಲ್ಟ್ ಒಂದೇ ಇದ್ದರೆ ಅದನ್ನು ಬಿಚ್ಚಿ ಸೆನ್ಸರನ್ನು ತಿರುವುತ್ತ ಎಳೆಯಿರಿ. ಥ್ರೆಡ್ ಇರುವುದಾದರೆ ಸರಿಯಾದ ಪಾನಾ ಹಾಕಿ, ಪೈಪ್ ಪಾನಾ ಬೇಡ.

ಹೊರಗೆ ಬಂದ ಸೆನ್ಸರಿನ ಮೂತಿ ನೋಡಿ. ನವಿರಾದ ಕಬ್ಬಿಣದ ಪುಡಿ ಅಂಟಿದ್ದರೆ ಒರೆಸಿ, ಅದನ್ನೇ ಮತ್ತೆ ಹಾಕಿ ಒಮ್ಮೆ ಪರೀಕ್ಷಿಸಿ. ಪುಡಿಯ ಪದರವೇ ಸಿಗ್ನಲ್ ಕೆಡಿಸುತ್ತದೆ. ಚೂರು, ತುಂಡು ಅಂಟಿದ್ದರೆ ವಿಷಯ ಬೇರೆ. ಗೇರ್ ಹಲ್ಲು ಅಥವಾ ಬೇರಿಂಗ್ ಒಡೆಯುತ್ತಿದೆ, ಅದನ್ನು ಮೇಸ್ತ್ರಿಗೆ ತೋರಿಸಿ. ಮೂತಿ ಉಜ್ಜಿ ಸವೆದಿದ್ದರೂ ಹಾಗೇ.

ಹಳೆಯದನ್ನು ಕೈಯಲ್ಲೇ ಹಿಡಿದು ಅಂಗಡಿಗೆ ಹೋಗಿ. ಪಾರ್ಟ್ ನಂಬರ್, ಮೂತಿಯ ಉದ್ದ, ಪಿನ್‌ಗಳ ಸಂಖ್ಯೆ, ಕಪ್ಲರಿನ ಆಕಾರ ನಾಲ್ಕೂ ಕೂಡಬೇಕು. ಹೊರಗಿನಿಂದ ಒಂದೇ ಥರ ಕಂಡರೂ ಒಳಗೆ ಬೇರೆ ಇರುತ್ತವೆ. ಉದ್ದ ಜಾಸ್ತಿ ಇದ್ದರೆ ಹಲ್ಲಿಗೆ ಬಡಿದು ಒಡೆಯುತ್ತದೆ, ಕಡಿಮೆ ಇದ್ದರೆ ಸಿಗ್ನಲ್ ಬರುವುದಿಲ್ಲ.

ಹಳೆ ಓ-ರಿಂಗ್ (ರಬ್ಬರ್ ಸೀಲ್) ತೂತಿನಲ್ಲೇ ಉಳಿದಿದೆಯಾ ಬೆರಳಿನಿಂದ ನೋಡಿ ತೆಗೆಯಿರಿ. ಎರಡು ರಿಂಗ್ ಒಂದರ ಮೇಲೊಂದು ಕೂತರೆ ಆಯಿಲ್ ಸೋರುತ್ತದೆ. ಹೊಸ ಓ-ರಿಂಗ್‌ಗೆ ಗೇರ್ ಆಯಿಲ್ ಸವರಿ, ಸೆನ್ಸರನ್ನು ಕೈಯಿಂದಲೇ ಪೂರ್ತಿ ಕೂರಿಸಿ. ಬೋಲ್ಟ್ ಬಿಗಿಯುವುದು ಕೊನೆಗೆ. ಬೋಲ್ಟಿನಿಂದ ಸೆನ್ಸರನ್ನು ಎಳೆದು ಕೂರಿಸಲು ಹೋದರೆ ಪ್ಲಾಸ್ಟಿಕ್ ಕಿವಿ ಮುರಿಯುತ್ತದೆ. ಅಲ್ಯೂಮಿನಿಯಂ ಹೌಸಿಂಗ್ ಆದ್ದರಿಂದ ಮ್ಯಾನ್ಯುವಲ್ ಹೇಳಿದ ಟಾರ್ಕ್‌ಗೆ ನಿಲ್ಲಿಸಿ. ಕಪ್ಲರ್ ಟಕ್ ಎಂದು ಲಾಕ್ ಆಗಬೇಕು. ಗೇರ್ ಆಯಿಲ್ ಲೆವೆಲ್ ನೋಡಿ ಕಡಿಮೆ ಇದ್ದಷ್ಟು ತುಂಬಿ.

ಚಕ್ರದ ಸೆನ್ಸರ್ ಬದಲಿಸುವುದು

ಇಲ್ಲಿ ಕಷ್ಟ ಕೊಡುವುದು ಜಂಗು. ಚಕ್ರ ತೆಗೆದು, ಕೆಲವು ಗಾಡಿಗಳಲ್ಲಿ ಡ್ರಮ್ಮನ್ನೂ ಇಳಿಸಿ, ಸೆನ್ಸರ್ ಕೂತ ಜಾಗಕ್ಕೆ ಜಂಗು ಬಿಡಿಸುವ ಎಣ್ಣೆ ಹಾಕಿ ಸ್ವಲ್ಪ ಹೊತ್ತು ಬಿಡಿ. ಆಮೇಲೆ ಆಚೀಚೆ ತಿರುವುತ್ತ ಹೊರಗೆ ತನ್ನಿ. ವೈರು ಹಿಡಿದು ಎಳೆಯಬೇಡಿ, ತಲೆ ಒಳಗೇ ಉಳಿದು ಕೇಬಲ್ ಕೈಗೆ ಬರುತ್ತದೆ.

ಸೆನ್ಸರ್ ಸುತ್ತ ಒಂದು ಸ್ಪ್ರಿಂಗ್ ಬುಷ್ ಇರುತ್ತದೆ. ಸೆನ್ಸರನ್ನು ಹಿಡಿದು ನಿಲ್ಲಿಸುವುದು ಅದೊಂದೇ. ಹಳೆ ಬುಷ್ ಬಿಗಿ ಕಳೆದುಕೊಂಡಿರುತ್ತದೆ, ಅದರಲ್ಲಿ ಹೊಸ ಸೆನ್ಸರ್ ಹಾಕಿದರೆ ರಸ್ತೆಯ ಅಲುಗಾಟಕ್ಕೆ ಹಿಂದೆ ಸರಿಯುತ್ತದೆ. ಬುಷ್ ಕೂಡ ಹೊಸದೇ ಹಾಕಿ. ತೂತನ್ನು ಬ್ರಶ್‌ನಿಂದ ಉಜ್ಜಿ, ಬುಷ್‌ಗೆ ಸೆನ್ಸರಿಗೆಂದೇ ಬರುವ ಗ್ರೀಸ್ ತೆಳುವಾಗಿ ಸವರಿ ಕೂರಿಸಿ. ಸೆನ್ಸರನ್ನು ಕೈಯಿಂದ ಒತ್ತುತ್ತ ರಿಂಗಿಗೆ ತಾಗುವವರೆಗೆ ತಳ್ಳಿ. ಸುತ್ತಿಗೆ ಮುಟ್ಟಬಾರದು. ತಾಗಿದರೆ ಸವೆಯುತ್ತದಲ್ವಾ ಎಂದು ಕೇಳುವವರಿದ್ದಾರೆ. ಚಕ್ರ ತಿರುಗಿದಾಗ ರಿಂಗೇ ಅದನ್ನು ಬೇಕಾದಷ್ಟು ಹಿಂದೆ ಸರಿಸಿ ಗ್ಯಾಪ್ ಮಾಡಿಕೊಳ್ಳುತ್ತದೆ. ಗ್ಯಾಪ್ ಅಳೆಯುವ ಫೀಲರ್ ಗೇಜ್ ಬೇಕಿಲ್ಲ.

ಕೇಬಲನ್ನು ಹಳೆಯ ದಾರಿಯಲ್ಲೇ, ಬ್ರೇಕ್ ಹೋಸ್ ಜೊತೆ ಕಟ್ಟಿಕೊಂಡು ಹೋಗಿ. ಟೈ ತೀರಾ ಬಿಗಿಯಬೇಡಿ. ಮುಂದಿನ ಚಕ್ರವಾದರೆ ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಕೇಬಲ್ ಎಳೆಯುವುದಿಲ್ಲ, ಟೈರಿಗೆ ತಾಗುವುದಿಲ್ಲ ಎಂದು ಕಣ್ಣಾರೆ ನೋಡಿ. ಡ್ರಮ್ ಮುಚ್ಚುವ ಮೊದಲು ಎಸಿ ವೋಲ್ಟ್ ಪರೀಕ್ಷೆ ಇನ್ನೊಮ್ಮೆ ಮಾಡಿ. ಚಕ್ರದ ನಟ್ ಎದುರು ಬದುರು ಕ್ರಮದಲ್ಲಿ ಬಿಗಿಯಿರಿ, 50-100 ಕಿ.ಮೀ. ಓಡಿದ ಮೇಲೆ ಮತ್ತೆ ಬಿಗಿಯಿರಿ.

ಓಡಿಸಿ ನೋಡುವುದು

ಕೋಡ್ ಅಳಿಸಿ ಕೀ ಆನ್ ಮಾಡಿದ ತಕ್ಷಣ ಎಬಿಎಸ್ ದೀಪ ಆರಲಿಲ್ಲ ಎಂದು ಗಾಬರಿಯಾಗಬೇಡಿ. ಸೆನ್ಸರ್ ದೋಷ ದಾಖಲಾದ ಮೇಲೆ ಗಾಡಿ ಚಲಿಸಿ ಚಕ್ರಗಳ ಸಿಗ್ನಲ್ ಬಂದಾಗಲೇ, ಅಂದರೆ ಸುಮಾರು 7-10 ಕಿ.ಮೀ. ವೇಗ ದಾಟಿದಾಗ, ಅದು ಆರುತ್ತದೆ.

ಗೇರ್‌ಬಾಕ್ಸ್ ಸೆನ್ಸರ್ ಹಾಕಿದ್ದರೆ ಮೀಟರನ್ನು ಮೊಬೈಲಿನ ಜಿಪಿಎಸ್ ಜೊತೆ ಹೋಲಿಸಿ. ಖಾಲಿ ಗಾಡಿ, ನೇರ ರಸ್ತೆ, 50ರಲ್ಲಿ ಒಂದೇ ಸಮ ಓಡಿಸಿ. ಮೊಬೈಲು ಜೊತೆಗಿರುವ ಕ್ಲೀನರ್ ಹುಡುಗನ ಕೈಯಲ್ಲಿರಲಿ. ಮೀಟರ್ ಒಂದೆರಡು ಕಿಲೋಮೀಟರ್ ಜಾಸ್ತಿ ತೋರಿಸುವುದು ಸಹಜ. ಅರ್ಧ ಅಥವಾ ಎರಡರಷ್ಟು ತೋರಿಸಿದರೆ ತಪ್ಪು ನಮೂನೆಯ ಸೆನ್ಸರ್ ಬಂದಿದೆ, ವಾಪಸ್ ಕೊಡಿ.

ಗವರ್ನರ್ ವೈರನ್ನು ಈ ನೆಪದಲ್ಲಿ ಕಡಿದು ಹಾಕುವ ಸಲಹೆ ಬಂದರೆ ಬೇಡ ಎನ್ನಿ. ಕೇಂದ್ರ ಮೋಟಾರು ವಾಹನ ನಿಯಮ 118ಕ್ಕೆ 2015ರಲ್ಲಿ ಆದ ತಿದ್ದುಪಡಿಯಂತೆ ಸರಕು ಗಾಡಿಗೆ ಗವರ್ನರಿನ ಮಿತಿ 80 ಕಿ.ಮೀ., ಟ್ಯಾಂಕರ್ ಮತ್ತು ಡಂಪರಿಗೆ 60. ಕೆಲಸಕ್ಕಾಗಿ ಅದರ ಸೀಲ್ ಒಡೆಯಬೇಕಾಗಿ ಬಂದಿದ್ದರೆ ಅಧಿಕೃತ ಡೀಲರ್ ಹತ್ತಿರ ಮತ್ತೆ ಸೀಲ್ ಹಾಕಿಸಿ, ಕಾಗದ ತೆಗೆದುಕೊಳ್ಳಿ. ಎಫ್‌ಸಿ (ಫಿಟ್‌ನೆಸ್ ಪತ್ರ) ಮಾಡಿಸುವ ಹೊತ್ತಿಗೆ ಬೇಕಾಗುತ್ತದೆ.

ದೀಪ ಮತ್ತೆ ಬಂದರೆ

ಬಾಡಿ ಕಟ್ಟಿಸಿದ ಮೇಲೆ ಅಥವಾ ಚಾಸಿಸ್ ಮೇಲೆ ವೆಲ್ಡಿಂಗ್ ಮಾಡಿಸಿದ ಮೇಲೆ ಬಂದಿದ್ದರೆ ಬ್ಯಾಟರಿ ಬಿಚ್ಚಿ ವೆಲ್ಡ್ ಮಾಡಿದ್ದರಾ ಎಂದು ಕೇಳಿ. ಬಿಚ್ಚದೆ ಮಾಡಿದ್ದರೆ ಎಬಿಎಸ್‌ನ ಕಂಪ್ಯೂಟರ್ ಪೆಟ್ಟಿಗೆ (ಇಸಿಯು) ಸುಟ್ಟಿರಬಹುದು. ಸೆನ್ಸರ್ ಎಷ್ಟು ಬದಲಿಸಿದರೂ ಅದು ಸರಿಯಾಗುವುದಿಲ್ಲ.

ಕೆಲವೇ ದಿನದಲ್ಲಿ ಅದೇ ಚಕ್ರದ ಕೋಡ್ ಮತ್ತೆ ಬಂದರೆ ಬೇರಿಂಗ್ ಹಿಡಿಯಿರಿ. ಚಕ್ರ ಎತ್ತಿ, ಟೈರಿನ ಕೆಳಗೆ ಟಾಮಿ (ಉದ್ದ ಕಬ್ಬಿಣದ ಸರಳು) ಕೊಟ್ಟು ಮೇಲೆ ಕೆಳಗೆ ಅಲುಗಿಸಿ. ಕಟ ಕಟ ಎಂದು ಆಟ ಕಂಡರೆ ತಿರುವಿನಲ್ಲಿ ಹಬ್ ವಾಲಿದಾಗಲೆಲ್ಲ ರಿಂಗ್ ಸೆನ್ಸರನ್ನು ಹಿಂದೆ ತಳ್ಳುತ್ತಿದೆ. ಬೇರಿಂಗ್ ಹೊಂದಿಸಿ, ಸವೆದಿದ್ದರೆ ಬದಲಿಸಿ. ಆಮೇಲೆ ಅದೇ ಸೆನ್ಸರನ್ನು ಕೈಯಿಂದ ಒಳಗೆ ಒತ್ತಿ ಚಕ್ರ ತಿರುಗಿಸಿ ನೋಡಿ. 0.2 ವೋಲ್ಟ್ ದಾಟಿದರೆ ಹೊಸ ಸೆನ್ಸರ್ ಬೇಕಿಲ್ಲ, ಚಕ್ರ ಮುಚ್ಚಿ ಗಾಡಿ ಹೊರಡಿಸಿ.